ಮೋರಿ ಬಾಯಿಗೆ ಬರೆದ ಮೀನು

ಎರಡು ವರ್ಷದ ಹಿಂದೆ ಒಂದು ಭಾನುವಾರ ನಾವು ಹದಿನೈದು ಜನ ಸೇರಿ ಬೀದಿಯ ಮಳೆನೀರಿನ ಮೋರಿಗಳ ಪಕ್ಕ ಮೀನಿನ ಚಿತ್ರ ಬರೆದಿದ್ದೆವು. ಇದು ನಮ್ಮ ಕಲ್ಪನೆಯೇನಲ್ಲ. ಎಷ್ಟೋ ದೇಶಗಳ ಊರುಗಳಲ್ಲಿ ಮೋರಿ ಬಾಯಿ ಹತ್ತಿರ ಮೀನೋ ಆಮೆಯೋ ಬರೆದು, ಇಲ್ಲಿ ಏನೂ ಸುರಿಯಬೇಡಿ, ಈ ನೀರು ಹೊಳೆಗೆ ಹೋಗುತ್ತದೆ ಅಂತ ಅಕ್ಷರ ಹಾಕುತ್ತಾರೆ.

ಬಣ್ಣ ಹಚ್ಚುವ ಮೊದಲು ಕಸ ತೆಗೆಯಬೇಕಿತ್ತು. ಕೊಳೆತ ಎಲೆ, ಪ್ಲಾಸ್ಟಿಕ್ ಕವರ್, ಗಟ್ಟಿಯಾದ ಸಿಮೆಂಟ್. ಅದಕ್ಕೇ ಅರ್ಧ ದಿನ ಹೋಯಿತು. ಕೊನೆಗೆ ಬ್ರಷ್ ತೊಳೆದ ಡಬ್ಬಿ ಹಿಡಿದುಕೊಂಡು ಒಬ್ಬರು ಮೋರಿ ಕಡೆಗೇ ಹೊರಟರು. ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟರು. ಈ ನೀರನ್ನ ಎಲ್ಲಿ ಚೆಲ್ಲೋದು?

ಯಾರ ಹತ್ತಿರವೂ ಉತ್ತರ ಇರಲಿಲ್ಲ. ಮನೆಯ ಕೊಳಚೆಗೂ ಮಳೆನೀರಿಗೂ ಬೇರೆ ಬೇರೆ ದಾರಿ ಇರುವ ಕಡೆ, ಮಳೆನೀರು ಸಾಮಾನ್ಯವಾಗಿ ಶುದ್ಧವಾಗದೆಯೇ ನೇರವಾಗಿ ಕೆರೆಗೋ ಹೊಳೆಗೋ ಸೇರುತ್ತದೆ. ಗಾಡಿ ತೊಳೆದ ಸೋಪಿನ ನೀರು, ರಸ್ತೆಗೆ ಸೋರಿದ ಆಯಿಲ್, ನಮ್ಮ ಡಬ್ಬಿಯಲ್ಲಿದ್ದ ಬಣ್ಣ, ಎಲ್ಲ ಅದರ ಜೊತೆಗೇ. ಕೆರೆ ಹಾಳಾಗುವ ಬಗ್ಗೆ ನಾನು ವರ್ಷಗಟ್ಟಲೆ ಓದಿದ್ದೇನೆ. ಆದರೆ ಆ ಡಬ್ಬಿ ನೋಡಿದಾಗ ಆದಷ್ಟು ಕಸಿವಿಸಿ ಯಾವತ್ತೂ ಆಗಿರಲಿಲ್ಲ.

ನಗರಗಳಲ್ಲಿ ಪರಿಸರದ ಹೆಸರಿನ ಕಲೆ ಈಗ ಜಾಸ್ತಿ ಆಗುತ್ತಿದೆ. ಗೋಡೆ ತುಂಬ ಹುಲಿ, ಹಕ್ಕಿ, ಕಾಡು. ಚೆನ್ನಾಗಿಯೇ ಇರುತ್ತದೆ. ಆದರೆ ನೋಡಿ ಮುಂದೆ ಹೋಗುತ್ತೇವೆ, ಅಲ್ವಾ? 2015ರಲ್ಲಿ ಓಲಾಫರ್ ಎಲಿಯಾಸನ್ ಎಂಬ ಕಲಾವಿದ, ಭೂವಿಜ್ಞಾನಿ ಮಿನಿಕ್ ರೋಸಿಂಗ್ ಜೊತೆ ಸೇರಿ, ಗ್ರೀನ್‌ಲ್ಯಾಂಡಿನ 12 ದೊಡ್ಡ ಮಂಜುಗಡ್ಡೆಗಳನ್ನು ಪ್ಯಾರಿಸ್ಸಿನ ಚೌಕದಲ್ಲಿ ಕರಗಲು ಬಿಟ್ಟರು. ಜನ ಮುಟ್ಟಿ ನೋಡಿದರು, ತಬ್ಬಿಕೊಂಡರು. ಮನಸ್ಸು ಕಲಕುವ ಕೆಲಸ, ಒಪ್ಪುತ್ತೇನೆ. ಆದರೂ ಅಲ್ಲಿ ಜನರಿಗೆ ಮಾಡುವ ಕೆಲಸ ಇರಲಿಲ್ಲ. ಮಂಜು ಕರಗಿತು, ಜನ ಮನೆಗೆ ಹೋದರು.

ನನಗೆ ಮತ್ತೆ ಮತ್ತೆ ನೆನಪಾಗುವುದು ಜರ್ಮನಿಯ ಕಾಸೆಲ್ ನಗರ. 1982ರಲ್ಲಿ ಯೋಸೆಫ್ ಬಾಯ್ಸ್ ಎಂಬ ಕಲಾವಿದ ಅಲ್ಲಿನ ಮ್ಯೂಸಿಯಂ ಮುಂದೆ 7000 ಕಪ್ಪು ಬಸಾಲ್ಟ್ ಕಲ್ಲುಗಳನ್ನು ರಾಶಿ ಹಾಕಿಸಿದರು. ಒಂದು ಮರ ನೆಟ್ಟರೆ ಒಂದು ಕಲ್ಲು ರಾಶಿಯಿಂದ ಹೋಗಿ ಆ ಮರದ ಪಕ್ಕ ನಿಲ್ಲಬೇಕು. ಊರಿನ ನಟ್ಟನಡುವೆ ಆ ರಾಶಿ ಇದ್ದದ್ದು ಬಹಳ ಜನಕ್ಕೆ ಇಷ್ಟವಾಗಲಿಲ್ಲ. ಆದರೆ ಅದನ್ನು ಕರಗಿಸುವ ದಾರಿ ಒಂದೇ, ಗಿಡ ನೆಡುವುದು. ಎಷ್ಟು ಕೆಲಸ ಉಳಿದಿದೆ ಅಂತ ಊರಿಗೆಲ್ಲ ಕಾಣುತ್ತಿತ್ತು. ಐದು ವರ್ಷ ಹಿಡಿಯಿತು. ಬಾಯ್ಸ್ 1986ರಲ್ಲೇ ತೀರಿಕೊಂಡರು. ಕೊನೆಯ ಗಿಡವನ್ನು 1987ರಲ್ಲಿ ಅವರ ಮಗ ನೆಟ್ಟರು. ಕಲ್ಲುಗಳು ಅಷ್ಟೇ ಎತ್ತರ ಇವೆ, ಅವತ್ತು ಕಲ್ಲಿನ ಪಕ್ಕ ಸಣ್ಣಗೆ ನಿಂತಿದ್ದ ಗಿಡಗಳು ಈಗ ದೊಡ್ಡ ಮರಗಳಾಗಿವೆ.

ನೆಟ್ಟವರಷ್ಟೇ ಅಲ್ಲ, ಆಮೇಲೆ ನೀರು ಹಾಕಿದವರು, ಕೊಂಬೆ ಕತ್ತರಿಸಿದವರು ಕೂಡ ಆ ಕೃತಿಯ ಕಲಾವಿದರು ಅಂತ ನನ್ನ ನಂಬಿಕೆ. ಅವರ ಹೆಸರು ಯಾರೂ ಬರೆದಿಡುವುದಿಲ್ಲ.

ಇದನ್ನು ನನಗೆ ಕಲಿಸಿದ್ದು ನ್ಯೂಯಾರ್ಕಿನ ಕಲಾವಿದೆ ಮರ್ಲ್ ಲೇಡರ್‌ಮನ್ ಯೂಕಲೀಸ್ ಅವರ ಕೆಲಸ. ಮಗು ಹುಟ್ಟಿದ ಮೇಲೆ ಅವರಿಗೆ ದಿನವೆಲ್ಲ ತೊಳೆಯುವುದು, ಒರೆಸುವುದು, ನೋಡಿಕೊಳ್ಳುವುದೇ ಆಗಿತ್ತು. ಅದೂ ಕಲೆಯೇ ಅಂತ 1969ರಲ್ಲಿ ಬರೆದು ಸಾರಿದರು. ಹತ್ತು ವರ್ಷದ ನಂತರ, 1979-80ರಲ್ಲಿ, ನಗರದ ಸುಮಾರು 8500 ನೈರ್ಮಲ್ಯ ಕಾರ್ಮಿಕರನ್ನು ಹುಡುಕಿಕೊಂಡು ಹೋಗಿ ಒಬ್ಬೊಬ್ಬರ ಕೈ ಕುಲುಕಿದರು. ನಗರವನ್ನು ಜೀವಂತ ಇಟ್ಟಿದ್ದಕ್ಕೆ ಥ್ಯಾಂಕ್ಸ್ ಹೇಳಿದರು. ಒಂದು ಚಿತ್ರ ಇಲ್ಲ, ಒಂದು ಶಿಲ್ಪ ಇಲ್ಲ. ನಗರದ ಪರಿಸರದ ಬಗ್ಗೆ ಇದಕ್ಕಿಂತ ನೇರವಾದ ಕಲಾಕೃತಿ ನನಗೆ ಗೊತ್ತಿಲ್ಲ.

ನಮ್ಮ ಮೀನಿಗೆ ಕೊರತೆಯಾಗಿದ್ದು ಇದೇ. ಅವತ್ತು ಫೋಟೋ ತೆಗೆದರು, ಊಟ ಮಾಡಿದೆವು, ಹೊರಟೆವು. ಕಾರ್ಯಕ್ರಮ ಮಾಡಿದವರು ಮತ್ತೆ ಬರಲಿಲ್ಲ. ನಾವೂ ಹೋಗಲಿಲ್ಲ. ಒಂದು ಮಳೆಗಾಲಕ್ಕೆ ಬಣ್ಣ ಅರ್ಧ ಅಳಿಸಿತು. ಎರಡನೆಯದಕ್ಕೆ ಬರೀ ಬಾಲ ಉಳಿಯಿತು. ಮೋರಿ ಮತ್ತೆ ಮೊದಲಿನ ಹಾಗೇ ಕಟ್ಟಿಕೊಂಡಿತ್ತು. ನನಗೆ ಬೇಜಾರಾಗಿದ್ದು ಬಣ್ಣ ಹೋಗಿದ್ದಕ್ಕಲ್ಲ. ಅಷ್ಟು ಜನಕ್ಕೆ ಒಂದೇ ದಿನದಲ್ಲಿ ಹುಟ್ಟಿದ ಕಾಳಜಿಗೆ ಮಾರನೇ ದಿನ ಮಾಡೋಕೆ ಕೆಲಸವೇ ಇರಲಿಲ್ಲವಲ್ಲ, ಅದಕ್ಕೆ.

ಆದ್ದರಿಂದ ಇಂಥ ಕೆಲಸಕ್ಕೆ ಜನರನ್ನು ಕರೆಯುವವರಲ್ಲಿ ನನ್ನದೊಂದು ವಿನಂತಿ. ಬಣ್ಣಕ್ಕೆ ದುಡ್ಡು ಹೊಂದಿಸುವಾಗಲೇ, ಮುಂದಿನ ಎರಡು ವರ್ಷ ಯಾರು ಬರುತ್ತಾರೆ ಅಂತಲೂ ಬರೆದಿಡಿ. ಬೀದಿ ಗುಡಿಸುವವರನ್ನು ಮೊದಲ ದಿನವೇ ಜೊತೆಗೆ ಕೂರಿಸಿಕೊಳ್ಳಿ. ಯಾವ ಮೋರಿ ಯಾವಾಗ ಕಟ್ಟಿಕೊಳ್ಳುತ್ತದೆ ಅಂತ ಅವರಷ್ಟು ಚೆನ್ನಾಗಿ ಯಾರಿಗೂ ಗೊತ್ತಿರುವುದಿಲ್ಲ.

ಹೋದ ತಿಂಗಳು ನಾವು ನಾಲ್ಕು ಜನ ಮತ್ತೆ ಸೇರಿದೆವು. ಈ ಸಲ ಮೋರಿಗಳನ್ನು ಹಂಚಿಕೊಂಡಿದ್ದೇವೆ, ತಲೆಗೆ ಮೂರು. ಮಳೆಗೆ ಮೊದಲು ಒಂದು ಸಲ, ಜೋರು ಮಳೆ ಬಂದ ಮಾರನೇ ದಿನ ಇನ್ನೊಂದು ಸಲ ಬಾಯಿ ಬಿಡಿಸಬೇಕು. ಮೀನು ಆಮೇಲೆ ಬರೆಯೋಣ ಅಂತ ಮಾತಾಗಿದೆ. ಇನ್ನೂ ಐದು ಮೋರಿಗೆ ಯಾರೂ ಸಿಕ್ಕಿಲ್ಲ.