ಬಿಟ್ಟು ಹೋದ ತಮ್ಮನ ಪರವಾಗಿ ನಾಲ್ಕು ಮಾತು

ಹೋದ ಭಾನುವಾರ ಗೆಳೆಯನ ಮನೆಯಲ್ಲಿ ಊಟ ಮುಗಿಸಿ ಕೂತಿದ್ದೆವು. ಅವನು ಟೀವಿಯಲ್ಲಿ ಜರ್ಮನಿಯ ರಾಕ್ ಬ್ಯಾಂಡ್ ಸ್ಕಾರ್ಪಿಯನ್ಸ್ ಹಾಕಿದ. 'ವಿಂಡ್ ಆಫ್ ಚೇಂಜ್', ಆ ಸೀಟಿಯ ಹಾಡು, ಶುರುವಾದರೆ ನಮ್ಮ ವಯಸ್ಸಿನವರಿಗೆ ಹಾಸ್ಟೆಲ್ಲು, ಕ್ಯಾಸೆಟ್ಟು ಎಲ್ಲಾ ನೆನಪಾಗುತ್ತೆ. ಮಾತು ಹಾಗೇ ಆ ಬ್ಯಾಂಡಿನ ಅಣ್ಣ ತಮ್ಮಂದಿರ ಕಡೆ ತಿರುಗಿತು. "ರುಡಾಲ್ಫ್ ಶೆಂಕರ್ ಬುದ್ಧಿವಂತ ಕಣೋ. ಬ್ಯಾಂಡ್ ಕಟ್ಟಿದ, ಅಲ್ಲೇ ಗಟ್ಟಿಯಾಗಿ ಕೂತ. ಆ ತಮ್ಮ ಮೈಕೆಲ್ಲು ನೋಡು, ಕೈಗೆ ಬಂದ ತುತ್ತನ್ನ ಪ್ರತಿ ಸಲ ಚೆಲ್ಲಿಕೊಂಡ" ಅಂದ.

ನಾನು ಸುಮ್ನಿದ್ದೆ. ಊಟ ಹಾಕಿದವರ ಮನೆಯಲ್ಲಿ ಜಗಳ ಬೇಡ ಅಂತ. ಆದರೆ ಬಸ್ಸಿನಲ್ಲಿ ವಾಪಸ್ ಬರುವಾಗ ತಲೆಯೊಳಗೆ ಅದೇ ಕೊರೆಯುತ್ತಿತ್ತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಮೊದಲೇ ಹೇಳಿಬಿಡುತ್ತೇನೆ. ಇನ್ನೊಂದು ಮಾತು. ಎಪ್ಪತ್ತು ದಾಟಿದ ಹಿರಿಯರನ್ನ ಏಕವಚನದಲ್ಲಿ ಕರೆಯುತ್ತಿದ್ದೇನೆ. ತುಂಬಾ ಇಷ್ಟಪಟ್ಟವರಿಗೆ ಬಹುವಚನ ನನ್ನ ಬಾಯಲ್ಲಿ ಬರಲ್ಲ.

ಮೈಕೆಲ್ ಶೆಂಕರ್ ಹುಟ್ಟಿದ್ದು 1955ರ ಜನವರಿ 10ರಂದು, ಜರ್ಮನಿಯ ಹ್ಯಾನೋವರ್ ಹತ್ತಿರದ ಸಾರ್‌ಸ್ಟೆಟ್ ಅನ್ನೋ ಊರಲ್ಲಿ. ಅಣ್ಣ ರುಡಾಲ್ಫ್ ಆರು ವರ್ಷ ದೊಡ್ಡವನು. 1965ರಲ್ಲಿ ಸ್ಕಾರ್ಪಿಯನ್ಸ್ ಶುರು ಮಾಡಿದವನು ಅವನೇ. ಅಣ್ಣ ಕೆಲಸಕ್ಕೆ ಹೋದ ಮೇಲೆ ತಮ್ಮ ಅವನ ಗಿಟಾರ್ ಎತ್ತಿಕೊಳ್ಳುತ್ತಿದ್ದನಂತೆ. ಅಣ್ಣನಿಗೆ ಗೊತ್ತಾಯಿತು. ಬೈಯಲಿಲ್ಲ. ರೆಕಾರ್ಡ್ ಕೊಟ್ಟು, "ಇದನ್ನ ಕೇಳಿ ನುಡಿಸೋದು ಹೇಗೆ ಅಂತ ಕಂಡುಹಿಡಿ, ಹಾಡಿಗೆ ಒಂದು ಮಾರ್ಕ್ ಕೊಡ್ತೀನಿ" ಅಂದ. ಮೈಕೆಲ್ ಸಂದರ್ಶನಗಳಲ್ಲಿ ಹೇಳಿಕೊಂಡ ಕತೆ ಇದು. ಮಾರ್ಕ್ ಅಂದರೆ ಆಗಿನ ಜರ್ಮನಿಯ ದುಡ್ಡು. ಎಂಟು ಒಂಬತ್ತು ವರ್ಷದ ಹುಡುಗನಿಗೆ ಅದೇನು ಕಡಿಮೆಯಾ? ಅವನ ಕಿವಿ ತಯಾರಾಗಿದ್ದು ಹಾಗೆ. ಅಣ್ಣನ ಜೇಬಿನಿಂದ.

1972ರಲ್ಲಿ ಸ್ಕಾರ್ಪಿಯನ್ಸ್‌ನ ಮೊದಲ ಆಲ್ಬಂ 'ಲೋನ್ಸಮ್ ಕ್ರೋ' ಬಂತು. ಅದರಲ್ಲಿ ಲೀಡ್ ಗಿಟಾರ್ ನುಡಿಸಿದ್ದು ಇನ್ನೂ ಮೀಸೆ ಸರಿಯಾಗಿ ಬಾರದ ಈ ಹುಡುಗ. ಮುಂದಿನ ವರ್ಷವೇ ಕತೆ ತಿರುಗಿತು. ಇಂಗ್ಲೆಂಡಿನ ಯುಎಫ್ಓ ಬ್ಯಾಂಡ್ ಜರ್ಮನಿಗೆ ಬಂದಿತ್ತು, ಸ್ಕಾರ್ಪಿಯನ್ಸ್ ಅವರ ಮುಂಚೆ ನುಡಿಸುತ್ತಿದ್ದರು. ಯುಎಫ್ಓ ಗಿಟಾರಿಸ್ಟ್ ಬರ್ನಿ ಮಾರ್ಸ್‌ಡನ್ ಪಾಸ್‌ಪೋರ್ಟ್ ಎಡವಟ್ಟು ಮಾಡಿಕೊಂಡು ಬರಲಾಗಲಿಲ್ಲ. "ನಿಮ್ಮ ಹುಡುಗನ್ನ ಕೊಡ್ತೀರಾ?" ಅಂತ ಕೇಳಿದರು. ತಮ್ಮದು ಮುಗಿಸಿ, ಅವರದ್ದನ್ನೂ ನುಡಿಸಿದ ಹುಡುಗನನ್ನ ಅವರು ಬಿಡುತ್ತಾರಾ? ಲಂಡನ್ನಿಗೇ ಕರೆದುಕೊಂಡು ಹೋದರು. ಆಗ ಅವನಿಗೆ 18. ಇಂಗ್ಲಿಷ್ ಬರುತ್ತಿರಲಿಲ್ಲ ಅಂತಲೇ ಹೇಳಬೇಕು.

ಇದನ್ನ ಸ್ವಲ್ಪ ಯೋಚನೆ ಮಾಡಿ. ಭಾಷೆ ಬಾರದ ಊರು. ಜೊತೆಗಿರುವವರು ಎಲ್ಲರೂ ದೊಡ್ಡವರು, ಕುಡಿಯುವುದರಲ್ಲಂತೂ ಪ್ರಚಂಡರು. ಅವರು ನಕ್ಕರೆ ಯಾಕೆ ನಕ್ಕರು ಅಂತಲೂ ಗೊತ್ತಾಗಲ್ಲ. ಮಾತಿಗೆ ಅಂತ ಇದ್ದದ್ದು ಗಿಟಾರ್ ಒಂದೇ. 1974ರ 'ಫಿನಾಮಿನನ್' ಆಲ್ಬಂ ಕೇಳುವಾಗ ನನಗೆ ಇದು ಪ್ರತಿ ಸಲ ನೆನಪಾಗುತ್ತೆ. 'ಡಾಕ್ಟರ್ ಡಾಕ್ಟರ್' ಅದರಲ್ಲೇ ಇರುವುದು. 2007ರಲ್ಲಿ ನಮ್ಮ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿತ್ತಲ್ಲ ಐರನ್ ಮೇಡನ್ ಬ್ಯಾಂಡು, ಅವರು ಸ್ಟೇಜಿಗೆ ಬರುವ ಮುಂಚೆ ಸ್ಪೀಕರಿನಲ್ಲಿ ಹಾಕಿಸುವ ಹಾಡು ಇದೇ. ಆ ಹಾಡು ಬಂತು ಅಂದರೆ ಜನ ಎದ್ದು ನಿಲ್ಲುತ್ತಾರೆ.

ಈಗ ಅವನ ದನಿಯ ವಿಷಯ. ನಾನು ಕಾಲೇಜು ಮುಗಿಸಿದ ಹೊಸದರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ವಾ ಪೆಡಲ್ ತಂದಿದ್ದೆ, ಕಾಲಲ್ಲಿ ತುಳಿದು ಗಿಟಾರಿನ ದನಿ ಬದಲಿಸುವಂಥದ್ದು. ಹೊಲಿಗೆ ಮಿಷನ್ ತುಳಿದ ಹಾಗೆ ಅದನ್ನ ಹಿಂದೆ ಮುಂದೆ ತುಳಿಯುವುದೇ ಕೆಲಸ. ವ್ಯಾಂವ್ ವ್ಯಾಂವ್ ಅಂತ ಬೆಕ್ಕು ಕೂಗಿದ ಹಾಗೆ ಆಗುತ್ತಿತ್ತು. ಅಮ್ಮ ಬಾಗಿಲು ಹಾಕಿಕೊಳ್ಳುತ್ತಿದ್ದರು. ಆಮೇಲೆ ಒಬ್ಬ ಹಿರಿಯ ಗಿಟಾರಿಸ್ಟ್ ಹೇಳಿಕೊಟ್ಟರು: "ತುಳೀಬೇಡಪ್ಪ. ಅರ್ಧಕ್ಕೆ ತಂದು ಹಾಗೇ ಬಿಟ್ಬಿಡು. ಶೆಂಕರ್ ಮಾಡೋದು ಅದೇ." ಪೆಡಲ್ ಹಿಮ್ಮಡಿ ಕಡೆ ಇದ್ದರೆ ದನಿ ದಪ್ಪ, ಬೆರಳಿನ ಕಡೆ ಇದ್ದರೆ ಚೂಪು. ಮಧ್ಯದಲ್ಲಿ ಎಲ್ಲೋ ಒಂದು ಜಾಗ ಇದೆ, ಅಲ್ಲಿ ನಿಲ್ಲಿಸಿದರೆ ಗಿಟಾರಿಗೆ ಮೂಗು ಗಂಟಲು ಎರಡೂ ಬರುತ್ತೆ. ಹೆಚ್ಚುಕಮ್ಮಿ ನಮ್ಮ ಓಲಗದ ಹಾಗೆ. ಕಾಲು ಜಾರಬಾರದು ಅಂತ ನಾನು ಒಂದು ಮದುವೆ ಕಾರ್ಡನ್ನ ನಾಲ್ಕಾಗಿ ಮಡಚಿ ಪೆಡಲ್ ಕೆಳಗೆ ಸಿಕ್ಕಿಸಿದ್ದೆ. ದನಿ ಬಂತು. ಶೆಂಕರ್ ಬರಲಿಲ್ಲ, ಅದು ಬೇರೆ ಮಾತು.

ಯಾಕೆ ಬರಲಿಲ್ಲ ಅಂತ ತಿಳಿಯೋಕೆ 'ರಾಕ್ ಬಾಟಮ್' ಕೇಳಬೇಕು. ಅದೂ ಸ್ಟುಡಿಯೋದ್ದಲ್ಲ, 1979ರ ಲೈವ್ ಆಲ್ಬಂ 'ಸ್ಟ್ರೇಂಜರ್ಸ್ ಇನ್ ದ ನೈಟ್'ನಲ್ಲಿ ಇರುವುದು. 11 ನಿಮಿಷ. ನಡುವೆ ಹಾಡುವವನು ಪಕ್ಕಕ್ಕೆ ಸರಿಯುತ್ತಾನೆ, ಇವನು ಶುರು ಮಾಡುತ್ತಾನೆ. ಅವಸರವೇ ಇಲ್ಲ. ಒಂದು ಸಾಲು ನುಡಿಸುತ್ತಾನೆ, ಅದಕ್ಕೆ ತಾನೇ ಉತ್ತರ ಕೊಡುತ್ತಾನೆ. ಒಂದು ತಂತಿಯನ್ನ ಎಳೆದು, ಸರಿಯಾದ ಸ್ವರಕ್ಕೆ ತಲುಪಿಸಿ, ಅಲ್ಲಿ ಹಿಡಿದು ನಿಲ್ಲಿಸುತ್ತಾನೆ. ನಿಲ್ಲಿಸಿದ ಮೇಲೆ ಅಲುಗಾಡಿಸುತ್ತಾನೆ. ಆ ಅಲುಗಾಟ ನೋಡಿ, ಅದೇ ಅವನ ಸಹಿ. ವೇಗ ಬೇಕಾದಾಗ ವೇಗವೂ ಬರುತ್ತೆ, ಆದರೆ ಕೇಳಿದ ಮೇಲೆ ಬಾಯಲ್ಲಿ ಗುನುಗಬಹುದಾದ ವೇಗ. ಈಗಿನ ಹುಡುಗರು ಯೂಟ್ಯೂಬಿನಲ್ಲಿ ಇದರ ಎರಡರಷ್ಟು ಜೋರಾಗಿ ನುಡಿಸುತ್ತಾರೆ. ಒಂದು ಸಾಲನ್ನಾದರೂ ಗುನುಗಿ ನೋಡೋಣ, ಆಗಲ್ಲ. ಬೈದರೆ ಬೈಯಿರಿ.

ತಮಾಷೆ ಅಂದರೆ ಆ ಆಲ್ಬಂ ಅಂಗಡಿಗೆ ಬರುವ ಹೊತ್ತಿಗೆ ಅವನು ಯುಎಫ್ಓ ಬಿಟ್ಟಾಗಿತ್ತು!

ಬಿಟ್ಟು ಹೋಗುವ ಈ ಚಾಳಿಯನ್ನ ನಾನು ಕಲಾವಿದನ ಹುಚ್ಚು ಅಂತ ಹೊಗಳಲ್ಲ. 1977ರಲ್ಲಿ, ಬ್ಯಾಂಡಿನ ಹೆಸರು ಏರುತ್ತಿದ್ದಾಗಲೇ, ಒಬ್ಬರಿಗೂ ಹೇಳದೆ ಮಾಯವಾದ. ಪಾಲ್ ಚಾಪ್‌ಮನ್ ಅನ್ನೋ ಗಿಟಾರಿಸ್ಟನ್ನ ಕರೆಸಿ ಟೂರ್ ದಾಟಿಸಿದರು. ಇವನು ವಾಪಸ್ ಬಂದ, ಚಾಪ್‌ಮನ್ ಹೋದ. ಇವನು ಮತ್ತೆ ಬಿಟ್ಟ, ಚಾಪ್‌ಮನ್ ಮತ್ತೆ ಬಂದ. ನನಗಂತೂ ಆ ಮನುಷ್ಯನ ಮೇಲೆ ಅಯ್ಯೋ ಪಾಪ ಅನಿಸುತ್ತೆ. ಕುಡಿತ ಇತ್ತು, ಸ್ಟೇಜಿನ ಭಯ ಇತ್ತು ಅಂತ ಮೈಕೆಲ್ ಆಮೇಲೆ ಹೇಳಿಕೊಂಡಿದ್ದಾನೆ. ಕಾರಣ ಇರಬಹುದು. ಟಿಕೆಟ್ ತಗೊಂಡು ಬಂದವರಿಗೆ ಅದರಿಂದ ಏನು?

ಆಮೇಲೆ ಸ್ಕಾರ್ಪಿಯನ್ಸ್‌ಗೇ ಮರಳಿದ. 1979ರ 'ಲವ್‌ಡ್ರೈವ್'ನಲ್ಲಿ ಕೆಲವು ಹಾಡಿಗೆ ಅವನ ಕೈ ಇದೆ. ಅವನಿಗಾಗಿ ಆಗಷ್ಟೇ ಸೇರಿದ್ದ ಮಥಿಯಾಸ್ ಜಾಬ್ಸ್‌ನನ್ನ ಹೊರಗೆ ಕಳಿಸಿದರು. ಟೂರ್ ಮಧ್ಯೆ ಮೈಕೆಲ್ ಮತ್ತೆ ಬಿಟ್ಟ, ಜಾಬ್ಸ್‌ನನ್ನ ಮತ್ತೆ ಕರೆದರು. ಇಲ್ಲೇ ನನ್ನ ಗೆಳೆಯನಿಗೆ ನಾನು ಹೇಳಬೇಕಾದ ಮಾತು ಇರುವುದು. ಮೈಕೆಲ್ ಮೊದಲ ಸಲ ಬಿಟ್ಟಾಗ ಆ ಜಾಗಕ್ಕೆ ಉಲಿ ಜಾನ್ ರೋತ್ ಬಂದ. ಎರಡನೇ ಸಲ ಬಿಟ್ಟಾಗ ಜಾಬ್ಸ್ ನಿಂತ. ನೀನು ಟೀವಿಯಲ್ಲಿ ಹಾಕಿ ಕುಣಿದ 1984ರ ಹಾಡುಗಳಲ್ಲಿ ಇರುವುದು ಆ ಜಾಬ್ಸ್‌ನ ಗಿಟಾರು. ಮೈಕೆಲ್ ಉಳಿದುಕೊಂಡಿದ್ದರೆ ಆ ಬ್ಯಾಂಡು ಹಾಗೆ ಇರುತ್ತಿರಲಿಲ್ಲ, ಇವನೂ ಹೀಗೆ ಇರುತ್ತಿರಲಿಲ್ಲ. ಚೆಲ್ಲಿಹೋದ ತುತ್ತು ಯಾರದ್ದು ಹಾಗಾದರೆ?

1980ರಲ್ಲಿ ತನ್ನದೇ ಮೈಕೆಲ್ ಶೆಂಕರ್ ಗ್ರೂಪ್ ಕಟ್ಟಿದ. ಮರುವರ್ಷ ಜಪಾನಿನ ಬುಡೋಕಾನ್ ಅನ್ನೋ ದೊಡ್ಡ ಸಭಾಂಗಣದಲ್ಲಿ ನುಡಿಸಿದ್ದು ಲೈವ್ ಆಲ್ಬಂ ಆಯಿತು. ಆಮೇಲೆ ಗ್ರಹಾಂ ಬಾನೆಟ್ ಅನ್ನೋ ಗಾಯಕ ಬಂದ. 1982ರಲ್ಲಿ ಒಂದು ಒಳ್ಳೆ ಆಲ್ಬಂ ಮಾಡಿ, ಸ್ಟೇಜಿನಲ್ಲಿ ಒಂದೇ ಒಂದು ಶೋಗೆ ಹಾಡಿ, ಅಲ್ಲೇ ರಂಪ ಮಾಡಿಕೊಂಡು ಹೊರಬಿದ್ದ. ಎಲ್ಲಾ ತಪ್ಪೂ ಶೆಂಕರ್‌ದೇ ಅನ್ನುವವರು ಇದನ್ನೂ ಲೆಕ್ಕಕ್ಕೆ ಹಿಡಿಯಲಿ. ಅದೇ ವರ್ಷ ರ‍್ಯಾಂಡಿ ರೋಡ್ಸ್ ತೀರಿಕೊಂಡ ಮೇಲೆ, ಅವನನ್ನ ಗಿಟಾರಿಸ್ಟ್ ಆಗಿ ಇಟ್ಟುಕೊಂಡಿದ್ದ ಗಾಯಕ ಓಜಿ ಆಸ್ಬೋರ್ನ್ ಕರೆದರು, ತಾನು ಒಲ್ಲೆ ಅಂದೆ ಅಂತ ಮೈಕೆಲ್ ಹೇಳುತ್ತಾನೆ. ಜನ ಇದನ್ನ ಕೇಳಿ ಹಣೆ ಚಚ್ಚಿಕೊಳ್ಳುತ್ತಾರೆ. ನಾನು ಚಚ್ಚಿಕೊಳ್ಳಲ್ಲ. ಬೇರೆಯವರ ಹಾಡು ಕೇಳುವುದನ್ನೇ ಹದಿನೇಳು ಹದಿನೆಂಟಕ್ಕೆ ನಿಲ್ಲಿಸಿದೆ, ಇಲ್ಲದಿದ್ದರೆ ನನ್ನದು ಅಂತ ಏನೂ ಉಳಿಯಲ್ಲ ಅನ್ನುವ ಮನುಷ್ಯ, ಇನ್ನೊಬ್ಬರ ಬ್ಯಾಂಡಿನಲ್ಲಿ ಎಷ್ಟು ದಿನ ಇರುತ್ತಿದ್ದ?

ನನಗೆ ಬೇಜಾರಾಗುವುದು ಬೇರೆ ವಿಷಯಕ್ಕೆ. ಈಚಿನ ವರ್ಷಗಳ ಸಂದರ್ಶನಗಳಲ್ಲಿ ಅಣ್ಣನ ಮೇಲೆ ದೂರೋ ದೂರು. ಹಾಡಿನ ಲೆಕ್ಕ, ಹೆಸರಿನ ಲೆಕ್ಕ, ಆ ಅರ್ಧ ಕಪ್ಪು ಅರ್ಧ ಬಿಳಿ, ಇಂಗ್ಲಿಷಿನ V ಆಕಾರದ ಫ್ಲೈಯಿಂಗ್ ವಿ ಗಿಟಾರಿನ ಲೆಕ್ಕ. ಹುಟ್ಟುತ್ತಾ ಅಣ್ಣ ತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅನ್ನೋ ಮಾತು ಹ್ಯಾನೋವರಿಗೂ ಹೊಂದುತ್ತೆ ಅಂತ ನನಗೆ ಗೊತ್ತಿರಲಿಲ್ಲ. ಅವನ ದೂರಿನಲ್ಲಿ ನಿಜ ಎಷ್ಟಿದೆಯೋ, ಅದು ಅವರ ಮನೆ ವಿಷಯ. ಆದರೆ ಹಾಡಿಗೆ ಒಂದು ಮಾರ್ಕ್ ಕೊಟ್ಟವನೂ ಅದೇ ಅಣ್ಣ ಅಲ್ವಾ?

ಅಣ್ಣನ ಜೊತೆ ಆಗದ್ದನ್ನ ಹಳೆಯ ಗಾಯಕರ ಜೊತೆ ಮಾಡಿದ. 2016ರಿಂದ 'ಮೈಕೆಲ್ ಶೆಂಕರ್ ಫೆಸ್ಟ್' ಅಂತ ಗ್ಯಾರಿ ಬಾರ್ಡನ್, ರಾಬಿನ್ ಮೆಕಾಲೆ, ಆ ರಂಪದ ಗ್ರಹಾಂ ಬಾನೆಟ್, ಎಲ್ಲರನ್ನೂ ಒಂದೇ ಸ್ಟೇಜಿಗೆ ಕರೆತಂದ. 2018ರ ಆಲ್ಬಂನಲ್ಲಿ ಮೆಟಾಲಿಕಾದ ಕರ್ಕ್ ಹ್ಯಾಮೆಟ್ ಬಂದು ಒಂದು ಹಾಡಿಗೆ ಗಿಟಾರ್ ನುಡಿಸಿದ. ಇವನನ್ನ ಕೇಳಿಕೊಂಡೇ ಬೆಳೆದ ಹುಡುಗ ಅವನು. 2024ರಲ್ಲಿ ಯುಎಫ್ಓ ಕಾಲದ ಹಾಡುಗಳನ್ನೇ ಮತ್ತೆ ಮಾಡಿದಾಗ ಗನ್ಸ್ ಎನ್ ರೋಸಸ್ ಬ್ಯಾಂಡಿನ ಆಕ್ಸಲ್ ರೋಸ್, ಸ್ಲ್ಯಾಶ್ ಬಂದರು.

ಆ ಭಾನುವಾರ ರಾತ್ರಿ ಮನೆಗೆ ಬಂದವನೇ ಗೆಳೆಯನಿಗೆ ಆ 11 ನಿಮಿಷದ 'ರಾಕ್ ಬಾಟಮ್' ಕಳಿಸಿದೆ. ಜೊತೆಗೆ ಏನೂ ಬರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಉತ್ತರ ಬಂತು. "ಏನೋ ಇದು, ಮುಗಿಯೋದೇ ಇಲ್ವಲ್ಲೋ ಮಾರಾಯ." ನಾನು ಫೋನ್ ಪಕ್ಕಕ್ಕಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ರಾತ್ರಿ ಹನ್ನೆರಡೂವರೆಗೆ ಇನ್ನೊಂದು ಮೆಸೇಜ್ ಇತ್ತು. "ಮೂರನೇ ಸಲ ಹಾಕಿದೀನಿ. ಪಾಪು ಎದ್ದುಬಿಡ್ತು, ಇವಳು ಬೈತಿದಾಳೆ. ನಿಂದೇ ತಪ್ಪು."