ಸತ್ಯಾಂಶ: ಪಾಲಿಕೆ ನೌಕರರ ಸಂಬಳ ಏರಿಸುವುದು ಕಾರ್ಪೊರೇಟರ್‌ಗಳಲ್ಲ

"ಲಾಲ್‌ಬಾಗ್‌ನ ಪಾಲಿಕೆ ಸಭೆಯಲ್ಲಿ ಕಾರ್ಪೊರೇಟರ್‌ಗಳು ಕೈ ಎತ್ತಿದರೆ ಸಾಕು, ಅಧಿಕಾರಿಗಳ ಸಂಬಳ 58.5% ಏರುತ್ತದೆ" ಎಂಬ ಫಾರ್ವರ್ಡ್ ಮಂಗಳೂರಿನ ಗ್ರೂಪುಗಳಲ್ಲಿ ಸುತ್ತುತ್ತಿದೆ. ತಪ್ಪು. ಮಂಗಳೂರು ಪಾಲಿಕೆಯಿರಲಿ, ಉಡುಪಿ ನಗರಸಭೆಯಿರಲಿ, ಕಾಯಂ ನೌಕರರಿಗೆ ಅನ್ವಯಿಸುವುದು ರಾಜ್ಯದ ವೇತನ ಶ್ರೇಣಿ. ವೇತನ ಆಯೋಗ ಶಿಫಾರಸು ಮಾಡುತ್ತದೆ, ಸಂಪುಟ ಒಪ್ಪುತ್ತದೆ, ಆರ್ಥಿಕ ಇಲಾಖೆ ಆದೇಶ ಹೊರಡಿಸುತ್ತದೆ.

ಆ 58.5% ಎಲ್ಲಿಂದ ಬಂತು? ಕೆ. ಸುಧಾಕರ್ ರಾವ್ ಅಧ್ಯಕ್ಷತೆಯ ರಾಜ್ಯ 7ನೇ ವೇತನ ಆಯೋಗದ ಲೆಕ್ಕದಿಂದ. ಹಳೆಯ ಕನಿಷ್ಠ ಮೂಲವೇತನ 17,000 ರೂ. ಅದಕ್ಕೆ 2022ರ ಜುಲೈ 1ಕ್ಕೆ ಇದ್ದ 31% ತುಟ್ಟಿಭತ್ಯೆ 5,270, ಜತೆಗೆ ಹೊಸ ಶ್ರೇಣಿಗೆ ಸೇರಿಸುವಾಗ ಕೊಡುವ ಏರಿಕೆಯಾದ 27.5% ಫಿಟ್‌ಮೆಂಟ್ 4,675; ಒಟ್ಟು 26,945. ಹೊಸ ಕನಿಷ್ಠ 27,000. ತುಟ್ಟಿಭತ್ಯೆ ಮೊದಲೇ ಕೈಸೇರುತ್ತಿತ್ತು, ಮೂಲವೇತನದಲ್ಲಿ ವಿಲೀನವಾಯಿತು ಅಷ್ಟೆ. ಫಾರ್ವರ್ಡ್ ಬರೆದವರು ಅದನ್ನೂ ಏರಿಕೆಗೇ ಸೇರಿಸಿಬಿಟ್ಟಿದ್ದಾರೆ. ಪರಿಷ್ಕೃತ ವೇತನ ಕೈಗೆ ಬಂದದ್ದು 2024ರ ಆಗಸ್ಟ್ 1ರಿಂದ.