ಪೇಟ ಜಾರೀತು, ಜೋಕೆ!

ಮೈಸೂರು ಸೀಮೆಯಲ್ಲಿ ದಸರೆಯ ಛದ್ಮವೇಷ ಯಾವ ದಾರಿ ಹಿಡಿದರೂ ಕೊನೆಗೆ ಬಂದು ನಿಲ್ಲುವುದು ಪೇಟದ ಹತ್ತಿರವೇ. ಮಗು ಮಹಾರಾಜನಾದರೂ ಪೇಟ, ವಿಶ್ವೇಶ್ವರಯ್ಯನಾದರೂ ಪೇಟ. ಕೊರಳಲ್ಲಿ ಮುತ್ತಿನ ಸರವೋ ಟೈಯೋ ಅನ್ನುವುದಷ್ಟೇ ವ್ಯತ್ಯಾಸ. ಶಾಲೆಯ ಮೆಸೇಜು ವಾರದ ಹಿಂದೆಯೇ ಬಂದಿರುತ್ತದೆ. ಮನೆಯಲ್ಲಿ ಅದು ಬೆಳಕಿಗೆ ಬರುವುದು ಮಾತ್ರ ಹಿಂದಿನ ರಾತ್ರಿ, ಫ್ಯಾನ್ಸಿ ಸ್ಟೋರು ಬಾಗಿಲು ಹಾಕಿದ ಮೇಲೆ.

ಆಗ ಉಳಿಯುವುದು ಮನೆಯಲ್ಲೇ ರಟ್ಟು, ಬಟ್ಟೆಯಿಂದ ಪೇಟ ಮಾಡುವ ದಾರಿ. ಅದರಲ್ಲಿ ಮೊದಲು ಎಡವುವುದು ಅಳತೆಯಲ್ಲಿ. ಹುಬ್ಬಿನ ಮೇಲೆ ಒಂದು ಬೆರಳು ಬಿಟ್ಟು ಟೇಪು ಸುತ್ತಿದರೆ ಆರು ವರ್ಷದ ಮಗುವಿಗೆ ಸುಮಾರು 52 ಸೆಂ.ಮೀ. ಬರುತ್ತದೆ. ಅಷ್ಟಕ್ಕೇ ರಟ್ಟು ಕತ್ತರಿಸಿದರೆ ಪೇಟ ತಲೆಗೆ ಇಳಿಯುವುದಿಲ್ಲ, ನೆತ್ತಿಯ ಮೇಲಿಟ್ಟ ಚೊಂಬಿನ ಹಾಗೆ ನಿಲ್ಲುತ್ತದೆ. ಒಳಗಿನ ಬಟ್ಟೆಗೆ 2 ಸೆಂ.ಮೀ., ಅಂಟಿಸಲು 3 ಸೆಂ.ಮೀ. ಸೇರಿಸಿ 57 ಇಟ್ಟುಕೊಳ್ಳಿ. ಎತ್ತರ 7 ಸಾಕು. ಚಾರ್ಟ್ ಪೇಪರು ಬೇಡ, ಕೊಬ್ಬರಿ ಎಣ್ಣೆಯ ತಲೆಗೆ ತಾಗಿ ಹಪ್ಪಳದ ಹಾಗೆ ಮೆತ್ತಗಾಗುತ್ತದೆ. ಸಾಮಾನು ಬಂದ ರಟ್ಟಿನ ಡಬ್ಬವೇ ವಾಸಿ. ಆದರೆ ಒಳಗಿನ ಅಲೆಗಳು ನಿಂತಿರುವಂತೆ ಕತ್ತರಿಸಬೇಕು. ಮಲಗಿಸಿದಿರೋ, ಬಗ್ಗಿಸುವಾಗ ಅಲ್ಲಲ್ಲಿ ಮುರಿದು ಮಹಾರಾಜರ ತಲೆಗೆ ಎಂಟು ಮೂಲೆ ಬರುತ್ತದೆ.

ರಟ್ಟಿನ ಎರಡು ತುದಿ ಅಂಟಿಸಿ ಬಳೆಯ ಹಾಗೆ ಕೂಡಿಸಿದ ತಕ್ಷಣ 25 ಸೆಂ.ಮೀ. ಅಗಲದ ಬಟ್ಟೆಯ ವೃತ್ತವೊಂದನ್ನು ಮೇಲೆ ಹೊದಿಸಿ ಅಂಚು ಅಂಟಿಸಿ. ಇದನ್ನು ಮರೆಯದವರೇ ಇಲ್ಲ. ಮರೆತರೆ ಎದುರಿನಿಂದ ಪೇಟ, ಮೇಲಿನಿಂದ ಕೊಡ ಹೊರುವ ಸಿಂಬಿ.

ಈಗ ಸುತ್ತು. ಅಜ್ಜಿಯ ಮೈಸೂರು ಸಿಲ್ಕ್ ಸೀರೆಯ ಕಡೆ ಕಣ್ಣು ಹಾಯಿಸಬೇಡಿ. 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ರೇಷ್ಮೆ ಕಾರ್ಖಾನೆಯ ಗೌರವ ಒಂದು ಕಡೆಗಿರಲಿ, ಆ ನುಣುಪಿಗೆ ಅದು ರಟ್ಟಿನ ಮೇಲೆ ನಿಲ್ಲುವುದೇ ಇಲ್ಲ. ಎರಡೂಕಾಲು ಮೀಟರಿನ ದುಪಟ್ಟಾ ಸಾಕು. ರಟ್ಟಿಗೆ ಮೊದಲು ಹಳೇ ಪಂಚೆಯ ಪಟ್ಟಿ ಸುತ್ತಿದರೆ ಹತ್ತಿಯ ಒರಟಿಗೆ ಮೇಲಿನ ಬಟ್ಟೆ ಕಚ್ಚಿಕೊಳ್ಳುತ್ತದೆ. ದುಪಟ್ಟಾವನ್ನು ಅಂಗೈ ಅಗಲಕ್ಕೆ ಮಡಿಸಿ, ಹಿಂದಿನಿಂದ ಶುರುಮಾಡಿ, ಹಣೆಯ ಮೇಲೆ ಓರೆಯಾಗಿ ದಾಟಿಸುತ್ತ ಹೋಗಿ. ಮೂರು ಸುತ್ತು ಸಲೀಸಾಗಿ ಬರುತ್ತದೆ, ನಾಲ್ಕನೆಯದಕ್ಕೆ ಎಳೆದಾಡಿದರೆ ರಟ್ಟು ಒಳಕ್ಕೆ ಕುಸಿಯುತ್ತದೆ. ತುದಿಗೆ ಸೂಜಿ-ದಾರ ಹಾಕಿ. ಫೆವಿಕಾಲ್ ತೆಳು ಬಟ್ಟೆಯಲ್ಲಿ ಇಳಿದು, ಒಣಗಿದ ಮೇಲೆ ಗಂಜಿ ಚೆಲ್ಲಿದ ಹಾಗೆ ಕಲೆ ಬಿಡುತ್ತದೆ. ಬಿಸಿ ಅಂಟಿನ ಗನ್ನು ಅಗ್ಗದ ಜರಿ ಲೇಸಿಗೆ ತಾಗಿದರೆ ಅದು ಸುಕ್ಕಾಗಿ ಮುದುಡುತ್ತದೆ. ಹೆಸರು ಜರಿ, ಒಳಗೆಲ್ಲ ಪ್ಲಾಸ್ಟಿಕ್ಕು.

ಪದಕಕ್ಕೆ ಒಂಟಿಯಾಗಿ ಉಳಿದ ಜುಮುಕಿ ಸಾಕು, ಭಾರವಾದದ್ದು ಬೇಡ. ಮುಂಭಾರವಾದ ಪೇಟ ಸ್ವಾಗತ ಭಾಷಣ ಮುಗಿಯುವಷ್ಟರಲ್ಲಿ ಮೂಗಿನ ಮೇಲಿರುತ್ತದೆ. ದಾರ ಬಟ್ಟೆಯನ್ನಷ್ಟೇ ಅಲ್ಲ, ರಟ್ಟನ್ನೂ ತೂರಿ ಬರಲಿ. ತುರಾಯಿಗೆ ಹೊಸ ಹುಲ್ಲು ಪೊರಕೆಯ ಎರಡು ಎಳೆಗೆ ಚಿನ್ನದ ಬಣ್ಣ ಬಳಿಯಿರಿ, ಬಂದದ್ದು ಎಲ್ಲಿಂದ ಎಂದು ಸೊಸೆಗೂ ಹೇಳಬೇಡಿ.

ಗಲ್ಲದಡಿ ಎಲಾಸ್ಟಿಕ್ ಕಟ್ಟಿದರೆ ಮಹಾರಾಜ ಹೋಗಿ ಹುಟ್ಟುಹಬ್ಬದ ಟೋಪಿ ಬರುತ್ತದೆ. ಒಳಗೆ ಕಿವಿಯ ನೇರಕ್ಕೆ ಎರಡು ದಾರದ ಕುಣಿಕೆ ಹೊಲಿದು, ಅವುಗಳಲ್ಲಿ ಹೇರ್‌ಪಿನ್ನು ತೂರಿಸಿ ಕೂದಲಿಗೆ ಸಿಕ್ಕಿಸಿ. ವಿಜಯದಶಮಿಗೆಂದು ಮೊನ್ನೆಯಷ್ಟೇ ಕಟಿಂಗ್ ಮಾಡಿಸಿದ ತಲೆಗೆ ಪಿನ್ನೂ ನಿಲ್ಲುವುದಿಲ್ಲ. ಅಂಥ ಮಹಾರಾಜರಿಗೆ ರಾತ್ರಿಯೇ ಹೇಳಿಕೊಡಿ: ನಿಂತಲ್ಲೇ ಕೈ ಮುಗಿ ಕಂದ, ಬಗ್ಗಬೇಡ.